ಏಸಿ, ಗೀಸರ್ ಕೆಲಸದವರು ಮಲೆನಾಡಿನಲ್ಲಿ ಗಿರಾಕಿ ಕಟ್ಟಿಕೊಳ್ಳುವುದು ಹೇಗೆ: ಶಿವಮೊಗ್ಗದಿಂದ ಒಂದು ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಎರಡನೆಯ ವಾರ ಶಿವಮೊಗ್ಗ ಪೇಟೆಯಲ್ಲಿ ಏಸಿ ಮೆಕ್ಯಾನಿಕ್‌ಗೆ ಇರುವ ಬೇಡಿಕೆ ಮದುವೆ ಮಾಡಿಸುವ ಪುರೋಹಿತರಿಗೂ ಇರುವುದಿಲ್ಲ. ಅದೇ ಮನುಷ್ಯ ಜುಲೈ ಎರಡನೆಯ ವಾರ ಅಂಗಡಿಯ ಷಟರ್ ಅರ್ಧಕ್ಕೆ ಇಳಿಸಿ, ಹೊರಗಿನ ಜಿಟಿಜಿಟಿ ಮಳೆ ನೋಡುತ್ತ, ಇಬ್ಬರು ಹುಡುಗರ ಸಂಬಳ ಎಲ್ಲಿಂದ ಹೊಂದಿಸುವುದೆಂದು ಲೆಕ್ಕ ಹಾಕುತ್ತಿರುತ್ತಾನೆ. ಈ ಎರಡೂ ಕುರ್ಚಿಗಳಲ್ಲಿ ನಾನು ಬೇಕಾದಷ್ಟು ಸಲ ಕೂತಿದ್ದೇನೆ.

ಸ್ವಂತ ಕೆಲಸ ಶುರು ಮಾಡಿದ ವರ್ಷ ಮಾರ್ಚ್ ಕೊನೆಯಲ್ಲಿ ಐದು ಸಾವಿರ ಕರಪತ್ರ ಅಚ್ಚು ಹಾಕಿಸಿ ಪತ್ರಿಕೆಗಳ ಮಡಿಕೆಯೊಳಗೆ ಇಡಿಸಿದೆ. ಫೋನ್ ಬಂದದ್ದೇ ಬಂದದ್ದು. ಹೋಗುವುದಕ್ಕೆ ಮಾತ್ರ ಜನ ಇರಲಿಲ್ಲ. ಎಂಟು ದಿನ ಕಾದವರು ಬೇರೆಯವರನ್ನು ಕರೆಸಿಕೊಂಡರು. ‘ಬರುತ್ತೇನೆ ಎಂದು ಹೇಳಿ ಬಾರದವನು’ ಎಂಬ ಬಿರುದು ಮಾತ್ರ ಬಹಳ ದಿನ ನನ್ನ ಜೊತೆಗಿತ್ತು. ಕೈಯಿಂದ ದುಡ್ಡು ಕೊಟ್ಟು ಕೆಟ್ಟ ಹೆಸರು ಕೊಂಡಂತಾಯಿತು. ಹಾಗಾಗಿ ಈ ಕಸುಬಿನ ಪ್ರಚಾರದ ಬಗ್ಗೆ ನಾನು ಹೇಳುವುದೆಲ್ಲ ಒಂದೇ ಲೆಕ್ಕದ ಮೇಲೆ ನಿಂತಿದೆ: ಕೈ ಖಾಲಿ ಇರುವ ತಿಂಗಳಲ್ಲಿ ಗಿರಾಕಿಯನ್ನು ಹುಡುಕಬೇಕು, ಕೈ ತುಂಬಿರುವ ತಿಂಗಳಲ್ಲಿ ಹೇಳಿದ ದಿನಕ್ಕೆ ಅವರ ಮನೆ ಮುಂದೆ ನಿಲ್ಲಬೇಕು.

ಮೊದಲು ಊರುಗಳನ್ನು ಎರಡಾಗಿ ವಿಂಗಡಿಸಿ

ಒಂದೇ ಜಿಲ್ಲೆಯೆಂದು ಒಂದೇ ಸರಕು ಹೊತ್ತು ತಿರುಗಬೇಡಿ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆ ಆರ್‌ಸಿಸಿ ಮನೆಗಳು, ಬೇಸಿಗೆಯಲ್ಲಿ ರಾತ್ರಿ ಹನ್ನೊಂದಕ್ಕೂ ಬಿಸಿ ಉಗುಳುವ ತಾರಸಿಗಳು. ಇಲ್ಲಿ ಏಸಿ ತಾನಾಗಿಯೇ ಮಾರಾಟವಾಗುತ್ತದೆ. ತೀರ್ಥಹಳ್ಳಿ ದಾಟಿ ಆಗುಂಬೆಯ ಕಡೆಗೋ, ಹೊಸನಗರ ದಾಟಿ ಹುಲಿಕಲ್ಲಿನ ಕಡೆಗೋ ಹೊರಟರೆ ಲೋಕವೇ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿನ ಹೆಂಚಿನ ಮನೆಯಲ್ಲಿ ಸೂರಿಗೂ ಗೋಡೆಗೂ ನಡುವೆ ಕೈ ತೂರುವಷ್ಟು ಸಂದು ಇರುತ್ತದೆ. ಅಂಥ ಕೋಣೆಗೆ ಏಸಿ ಕೂರಿಸಿದರೆ ತಂಪು ಹೆಂಚಿನ ಸಂದಿಯಲ್ಲಿ ಹೋಗುತ್ತದೆ, ಬಿಲ್ಲು ಯಜಮಾನರ ಕೈಗೆ ಬರುತ್ತದೆ, ಬೈಗುಳ ನಿಮಗೆ.

ಘಟ್ಟದ ಮೇಲಿನವರಿಗೆ ಬೇಕಾದದ್ದು ಎರಡು: ಬಿಸಿನೀರು ಮತ್ತು ಒಣಗಿದ ಕೋಣೆ. ಆರಿದ್ರಾ ಮಳೆ ಹಿಡಿದ ಮೇಲೆ ಹಾಸಿಗೆಗೆ ಮುಗ್ಗಲು ವಾಸನೆ, ಚರ್ಮದ ಬೆಲ್ಟಿಗೆ ಬೂಷ್ಟು, ಒಗೆದ ಬಟ್ಟೆ ನಾಲ್ಕು ದಿನವಾದರೂ ಹಸಿ. ಪೇಟೆಯಲ್ಲಿ ನಿಮಗೆ ಕೆಲಸವಿಲ್ಲದ ಆ ತಿಂಗಳುಗಳಲ್ಲೇ ಅಲ್ಲಿನವರಿಗೆ ನೀವು ಬೇಕಾಗಿರುತ್ತೀರಿ. ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಹನ್ನೆರಡು ತಿಂಗಳು ಬರೆಯಿರಿ. ಯಾವ ತಿಂಗಳು ಯಾವ ಊರಿನವರಿಗೆ ಏನು ತೊಂದರೆ ಎಂದು ಪ್ರತಿ ತಿಂಗಳ ಎದುರಿಗೆ ತುಂಬಿ. ಖಾಲಿ ಉಳಿದ ತಿಂಗಳುಗಳೇ ನಿಮ್ಮ ಪ್ರಚಾರದ ಕೆಲಸ.

ಹಳೆಯ ಗಿರಾಕಿಗಳ ಪುಸ್ತಕ ತೆರೆಯಿರಿ

ಹೊಸ ಗಿರಾಕಿಯನ್ನು ಹುಡುಕುವ ಮೊದಲು ಹಳೆಯವರು ಎಲ್ಲಿದ್ದಾರೆ ನೋಡಿ. ನಮ್ಮಲ್ಲಿ ಹೆಚ್ಚಿನವರ ದಾಖಲೆ ಮೊಬೈಲಿನಲ್ಲಿ ‘ವಿನೋಬನಗರ ಏಸಿ 2’, ‘ಗೋಪಾಳ ಡಾಕ್ಟರ್’ ಎಂದು ಉಳಿಸಿದ ಹೆಸರುಗಳಲ್ಲಿ ಮುಗಿಯುತ್ತದೆ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪ್ರತಿ ಮನೆಗೆ ಒಂದು ಪುಟ: ಹೆಸರು, ಬಡಾವಣೆ, ಯಂತ್ರದ ಕಂಪನಿ ಮತ್ತು ಟನ್, ಒಳಗಿರುವುದು ಆರ್22 ಗ್ಯಾಸೋ, ಆರ್410ಎಯೋ, ಆರ್32ವೋ, ಕೂರಿಸಿದ ತಿಂಗಳು, ಕೊನೆಯ ಸರ್ವೀಸ್, ಹೊರಗಿನ ಯೂನಿಟ್ ತಲುಪಲು ಎಷ್ಟು ಅಡಿಯ ಏಣಿ ಬೇಕು, ನಾಯಿ ಇದೆಯೇ, ಮಧ್ಯಾಹ್ನ ಮಲಗುವ ಹಿರಿಯರಿದ್ದಾರೆಯೇ. ಕೊನೆಯ ಮೂರು ವಿಷಯ ಕಂಡು ನಗಬೇಡಿ. ಎರಡನೆಯ ವರ್ಷ ಹೋದಾಗ ನೀವೇ ಸರಿಯಾದ ಏಣಿ ತಂದು, ‘ಅಜ್ಜ ಮಲಗುವ ಹೊತ್ತಿಗೆ ಮುಂಚೆಯೇ ಮುಗಿಸುತ್ತೇವೆ’ ಎಂದರೆ ಆ ಮನೆಯವರು ಮತ್ತೊಬ್ಬ ಮೆಕ್ಯಾನಿಕ್‌ನ ನಂಬರ್ ಹುಡುಕುವುದಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುತ್ತದೆ ಎನ್ನುತ್ತಾರಲ್ಲ, ನಿಮ್ಮ ಫೋನ್ ಕರೆಗಳು ಅದಕ್ಕೆ ಮುಂಚೆಯೇ ಮುಗಿದಿರಬೇಕು. ಸಂಕ್ರಾಂತಿ ಕಳೆದ ಮರುದಿನದಿಂದ ದಿನಕ್ಕೆ ಹತ್ತು ಮನೆ. ಮಾತು ಉದ್ದ ಬೇಡ: ‘ನಿಮ್ಮ ಏಸಿ ಹೋದ ವರ್ಷ ಮಾರ್ಚ್ 12ಕ್ಕೆ ತೊಳೆದಿದ್ದೆವು. ಈಗ ಬಂದರೆ ನೀವು ಹೇಳಿದ ದಿನ ಬರಬಹುದು. ಏಪ್ರಿಲ್‌ನಲ್ಲಿ ನಾವು ಹೇಳಿದ ದಿನ ನೀವು ಕಾಯಬೇಕಾಗುತ್ತದೆ.’ ಇದರಲ್ಲಿ ಸುಳ್ಳಿಲ್ಲ, ಒತ್ತಾಯವಿಲ್ಲ, ರಿಯಾಯಿತಿಯ ಆಸೆಯೂ ಇಲ್ಲ. ತಾರೀಕು ಹೇಳಿದಾಗ ಆಚೆ ಕಡೆಯ ಧ್ವನಿ ಬದಲಾಗುವುದನ್ನು ನೀವೇ ಕೇಳುತ್ತೀರಿ.

ಬಿಳಿ ಬಕೆಟ್ ಇಟ್ಟುಕೊಳ್ಳಿ

ನನ್ನ ಬಳಿ ಇರುವ ಅತಿ ಒಳ್ಳೆಯ ಜಾಹೀರಾತು ಇಪ್ಪತ್ತು ಲೀಟರಿನ ಒಂದು ಬಿಳಿ ಬಕೆಟ್. ಒಳಗಿನ ಯೂನಿಟ್ಟಿಗೆ ಜಾಕೆಟ್ ಚೀಲ ಕಟ್ಟಿ, ಪಂಪಿನಿಂದ ಕಾಯಿಲ್ ಮತ್ತು ಬ್ಲೋವರ್ ತೊಳೆದಾಗ ಚೀಲದ ತುದಿಯ ಕೊಳವೆಯಿಂದ ನೀರು ಇಳಿಯುತ್ತದೆ. ಹೆಚ್ಚಿನವರು ಆ ಕೊಳವೆಯನ್ನು ನೇರ ಬಚ್ಚಲಿಗೆ ಬಿಡುತ್ತಾರೆ. ನಾನು ಬಕೆಟ್ಟಿಗೆ ಬಿಡುತ್ತೇನೆ, ಮನೆಯವರು ಕಾಣುವ ಕಡೆ ಇಟ್ಟು. ಮೊದಲ ಒಂದೆರಡು ಲೀಟರ್ ಕಾಫಿ ಡಿಕಾಕ್ಷನ್ನಿನಂತೆ ಬರುತ್ತದೆ. ಮೇಲೆ ಬೂದು ನಾರು ತೇಲುತ್ತದೆ, ಕೆಲವೊಮ್ಮೆ ಹಲ್ಲಿಯ ಮೊಟ್ಟೆಯ ಸಿಪ್ಪೆಯೂ. ಆಮೇಲೆ ನೀರು ತಿಳಿಯಾಗುತ್ತ ಬಂದು ಬಕೆಟ್ಟಿನ ತಳ ಕಾಣುವ ಹೊತ್ತಿಗೆ ನಿಲ್ಲಿಸುತ್ತೇನೆ. ಆ ಬಕೆಟ್ ನೋಡಿದ ಗೃಹಿಣಿ ಅಕ್ಕನಿಗೆ ಫೋನ್ ಮಾಡಿ ಹೇಳುವುದನ್ನು ಎಷ್ಟೋ ಸಲ ಏಣಿಯ ಮೇಲಿಂದಲೇ ಕೇಳಿಸಿಕೊಂಡಿದ್ದೇನೆ.

ಹೊರಗಿನ ಯೂನಿಟ್ಟಿನ ವಿಷಯದಲ್ಲೂ ಹಾಗೆಯೇ. ನಮ್ಮ ಕಡೆ ಸರ್ಕ್ಯೂಟ್ ಬೋರ್ಡ್ ಸುಡುವುದಕ್ಕೆ ಸಿಡಿಲು, ಏರಿಳಿಯುವ ವೋಲ್ಟೇಜುಗಳ ಜೊತೆಗೆ ಹಲ್ಲಿ, ಇರುವೆಗಳ ಪಾಲೂ ಇದೆ. ಬೋರ್ಡಿನ ಮೇಲೆ ಅಂಟಿಕೊಂಡು ಒಣಗಿದ ಹಲ್ಲಿಯನ್ನು ತೆಗೆದು ಎಸೆಯುವ ಮೊದಲು ಯಜಮಾನರಿಗೆ ತೋರಿಸಿ. ‘ಬೋರ್ಡ್ ಹೋಗಿದೆ’ ಎಂಬ ಬರಿ ಮಾತನ್ನು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಕೆಲಸ ಮುಗಿದ ಮೇಲೆ ಯಂತ್ರದ ಮಗ್ಗುಲಿಗೆ, ಎದುರಿಗೆ ಎದ್ದು ಕಾಣದಂತೆ, ಒಂದು ಸಣ್ಣ ಸ್ಟಿಕರ್: ಹೆಸರು, ನಂಬರ್, ಅಳಿಸದ ಮಾರ್ಕರಿನಲ್ಲಿ ಬರೆದ ಸರ್ವೀಸ್ ತಾರೀಕು. ಕಾಗದದ ಸ್ಟಿಕರ್ ಇಲ್ಲಿನ ತೇವಕ್ಕೆ ಒಂದು ಮಳೆಗಾಲವೂ ಬಾಳುವುದಿಲ್ಲ, ವಿನೈಲ್ ಮಾಡಿಸಿ. ಗೀಸರಿಗೂ ಅಂಟಿಸಿ.

ಗ್ಯಾಸಿನ ವಿಷಯದಲ್ಲಿ ಬಾಯಿ ಬಿಟ್ಟು ನಿಜ ಹೇಳಿ

ನಮ್ಮ ಕಸುಬಿನ ಹೆಸರು ಕೆಟ್ಟಿರುವುದು ಮುಖ್ಯವಾಗಿ ಇಲ್ಲಿ. ‘ಗ್ಯಾಸ್ ಖಾಲಿಯಾಗಿದೆ, ವರ್ಷಕ್ಕೊಮ್ಮೆ ತುಂಬಿಸಬೇಕು’ ಎಂದು ಹೇಳಿ ಹೇಳಿ ಜನರನ್ನು ನಂಬಿಸಿದ್ದೇವೆ. ಏಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲಿನಂತೆ ಉರಿದು ತೀರುವಂಥದ್ದಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಹುಡುಕಬೇಕು, ಬೆಸೆಯಬೇಕು, ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ನೋಡಬೇಕು, ವ್ಯಾಕ್ಯೂಮ್ ಪಂಪಿನಿಂದ ಗಾಳಿ ಮತ್ತು ತೇವ ಎಳೆಯಬೇಕು, ಆಮೇಲೆ ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು ಯಂತ್ರದ ಫಲಕದಲ್ಲಿ ಬರೆದಿರುವಷ್ಟೇ ಗ್ರಾಂ ತುಂಬಬೇಕು. ಆರ್32 ಆದರೆ ಬೆಂಕಿಯ ಅಪಾಯ ಸ್ವಲ್ಪ ಇದೆ, ಒಳಗೆ ಗ್ಯಾಸ್ ಇರುವಾಗ ಬೆಸುಗೆಯ ಟಾರ್ಚ್ ಹಿಡಿಯುವಂತಿಲ್ಲ.

ಈ ಐದಾರು ವಾಕ್ಯಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ದರಪಟ್ಟಿಯ ಹಿಂಬದಿಗೆ ಕೊಡಿ. ಒಮ್ಮೆ ಹೀಗೆ ಹೇಳಿಬಿಟ್ಟ ಮೇಲೆ ನೀವೂ ಅಡ್ಡದಾರಿ ಹಿಡಿಯುವ ಹಾಗಿಲ್ಲ. ನನ್ನ ಮಟ್ಟಿಗೆ ಅದು ಒಳ್ಳೆಯದೇ ಆಯಿತು. ಹಿಂದೊಮ್ಮೆ ನಾನು ಕೆಲಸ ಕಲಿಯುತ್ತಿದ್ದ ಕಡೆ ಸೋರಿಕೆ ಇಲ್ಲದ ಯಂತ್ರಕ್ಕೂ ‘ಗ್ಯಾಸ್ ಚಾರ್ಜಿಂಗ್’ ಎಂದು ಬಿಲ್ ಬರೆಸುತ್ತಿದ್ದರು, ಬರೆದ ಕೈ ನನ್ನದೇ.

ದರಪಟ್ಟಿಯ ಮುಂಬದಿಯಲ್ಲಿ ಸಾದಾ ಸರ್ವೀಸ್, ಜಾಕೆಟ್ ಸರ್ವೀಸ್, ಕಳಚಿ ಮತ್ತೆ ಕೂರಿಸುವುದು, ಹೆಚ್ಚುವರಿ ತಾಮ್ರದ ಪೈಪಿಗೆ ಅಡಿಗೆ ಇಷ್ಟು, ಸ್ಟ್ಯಾಂಡಿಗೆ ಇಷ್ಟು ಎಂದು ಬಿಡಿಬಿಡಿಯಾಗಿ ಇರಲಿ. ಹೊಸ ಏಸಿ ಕೂರಿಸುವಾಗ ಜಗಳ ಹುಟ್ಟುವುದು ಪೈಪಿನ ಅಡಿಯ ಲೆಕ್ಕದಲ್ಲೇ. ತೆರಿಗೆಯನ್ನು ಬೇರೆ ಸಾಲಿನಲ್ಲಿ ತೋರಿಸಿ. ಏಸಿಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಹಳೆಯ ಕೊಟೇಶನ್ ಇಟ್ಟುಕೊಂಡು ಕೂತಿರುವವರಿಗೆ ಇದನ್ನು ಹೇಳಿದರೆ ಮಾತು ಮತ್ತೆ ಶುರುವಾಗುತ್ತದೆ.

ಗೂಗಲ್‌ನಲ್ಲಿ ನಿಮ್ಮ ಅಂಗಡಿ

ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ದುಡ್ಡು ಕೊಟ್ಟರೆ ಮೇಲೆ ತರುತ್ತೇವೆ ಎಂದು ಫೋನ್ ಮಾಡುವವರನ್ನು ಅಲ್ಲೇ ಬಿಡಿ. ಹೆಸರಿನ ಜಾಗದಲ್ಲಿ ಬೋರ್ಡಿನಲ್ಲಿರುವ ಹೆಸರನ್ನಷ್ಟೇ ಹಾಕಿ, ‘ಉತ್ತಮ, ಅಗ್ಗ, ಏಸಿ ರಿಪೇರಿ ಶಿವಮೊಗ್ಗ’ ಎಂದೆಲ್ಲ ತುರುಕಿದರೆ ಗೂಗಲ್ ಖಾತೆಯನ್ನೇ ತಡೆಹಿಡಿಯಬಹುದು. ಅಂಗಡಿ ಇಲ್ಲದೆ ಮನೆಯಿಂದಲೇ ಕೆಲಸ ನಡೆಸುವವರು ವಿಳಾಸವನ್ನು ಮರೆಮಾಡಿ, ಸೇವೆ ಕೊಡುವ ಊರುಗಳನ್ನು ಸೇರಿಸಬಹುದು. ಪರಿಶೀಲನೆಗೆ ಈಗ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ. ಬೋರ್ಡು, ಉಪಕರಣ, ರಸ್ತೆ ಮೂರೂ ಒಂದೇ ಓಟದಲ್ಲಿ ಕಾಣುವಂತೆ ತೆಗೆಯಿರಿ.

ಊರಿನ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಶಿವಮೊಗ್ಗವಾದರೂ ಇಂಗ್ಲಿಷಿನಲ್ಲಿ ಹುಡುಕುವವರು ಇನ್ನೂ ಹಳೆಯ ‘ಶಿಮೊಗಾ’ ಕಾಗುಣಿತವನ್ನೇ ಒತ್ತುತ್ತಾರೆ. ವಿವರಣೆಯಲ್ಲಿ ಎರಡೂ ರೂಪ ಇರಲಿ, ಜೊತೆಗೆ ಕನ್ನಡದಲ್ಲೂ ನಾಲ್ಕು ಸಾಲು ಬರೆಯಿರಿ. ಫೋಟೊಗಳು ಕಂಪನಿಯ ಕ್ಯಾಟಲಾಗಿನವು ಬೇಡ. ಬಿಳಿ ಬಕೆಟ್ ಹಾಕಿ, ಒಪ್ಪವಾಗಿ ಸುತ್ತಿದ ಪೈಪ್ ಹಾಕಿ, ಮುಖ ಕಾಣುವಂತೆ ನಿಮ್ಮ ಹುಡುಗರನ್ನು ನಿಲ್ಲಿಸಿ ತೆಗೆದದ್ದು ಹಾಕಿ. ಬಾಗಿಲು ತೆಗೆಯುವವರಿಗೆ ಬರುವವನ ಮುಖ ಮೊದಲೇ ಗೊತ್ತಿದ್ದರೆ ಅರ್ಧ ಅಂಜಿಕೆ ಕಳೆಯುತ್ತದೆ.

ವಿಮರ್ಶೆ ಕೇಳಬೇಕಾದ ಹೊತ್ತು ಯಂತ್ರ ತಂಪು ಬಿಟ್ಟು ಮನೆಯವರು ಕೈಯೊಡ್ಡಿ ನೋಡುವ ಆ ಎರಡು ನಿಮಿಷ. ಅಲ್ಲಿಯೇ ಲಿಂಕ್ ಕಳಿಸಿ, ‘ಏನು ಕೆಲಸ ಮಾಡಿದೆವು, ಯಾವ ಬಡಾವಣೆ ಎಂದು ಎರಡು ಸಾಲು ಬರೆಯಿರಿ’ ಎನ್ನಿ. ವಿಮರ್ಶೆಗೆ ಪ್ರತಿಯಾಗಿ ರಿಯಾಯಿತಿ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ಕೆಟ್ಟ ವಿಮರ್ಶೆ ಬಂದರೆ ಆ ರಾತ್ರಿ ಉತ್ತರಿಸಬೇಡಿ. ಮರುದಿನ ಬೆಳಿಗ್ಗೆ, ಏನಾಯಿತು, ಏನು ಸರಿಪಡಿಸಿದಿರಿ ಎಂದು ಮೂರು ಸಾಲಿನಲ್ಲಿ ಬರೆಯಿರಿ.

ಫೋನ್ ಎತ್ತುವವರು ಯಾರು?

ಏಣಿಯ ಮೇಲಿರುವವನು ಫೋನ್ ಎತ್ತಲಾರ, ಎತ್ತಬಾರದು ಕೂಡ. ಹಾಗಾಗಿ ಪ್ರಚಾರಕ್ಕೆಂದು ತೆಗೆದಿಟ್ಟ ದುಡ್ಡಿನಲ್ಲಿ ಮೊದಲ ಪಾಲು ಫೋನ್ ಎತ್ತುವವರಿಗೆ ಹೋಗಬೇಕು ಎನ್ನುವುದು ನನ್ನ ಅಭಿಪ್ರಾಯ. ನಮ್ಮಲ್ಲಿ ಆ ಕೆಲಸ ನನ್ನ ಹೆಂಡತಿ ಮಾಡುತ್ತಾಳೆ, ಅವಳಿಗೂ ತಿಂಗಳ ಸಂಬಳವಿದೆ. ಕೇಳುವುದು ನಾಲ್ಕೇ ಪ್ರಶ್ನೆ: ಯಾವ ಬಡಾವಣೆ, ಏನು ತೊಂದರೆ, ಯಂತ್ರಕ್ಕೆ ಎಷ್ಟು ವರ್ಷ, ನಮ್ಮ ನಂಬರ್ ನಿಮಗೆ ಎಲ್ಲಿ ಸಿಕ್ಕಿತು. ಕೊನೆಯ ಪ್ರಶ್ನೆಯ ಉತ್ತರವನ್ನು ಪುಸ್ತಕದಲ್ಲಿ ಬೇರೆ ಪುಟದಲ್ಲಿ ಗೀಟು ಎಳೆದು ಲೆಕ್ಕ ಇಡುತ್ತೇವೆ. ಮುಂದಿನ ವರ್ಷ ಯಾವುದಕ್ಕೆ ಖರ್ಚು ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆ ಗೀಟುಗಳೇ ಹೇಳುತ್ತವೆ.

ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಒಂದು ಪಟ್ಟಿಗೆ 256 ಜನರವರೆಗೆ ಒಟ್ಟಿಗೆ ಸಂದೇಶ ಕಳಿಸಬಹುದು, ಆದರೆ ನಿಮ್ಮ ನಂಬರನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಬಿಲ್ ಕೊಡುವಾಗಲೇ ‘ನಂಬರ್ ಉಳಿಸಿಕೊಳ್ಳಿ’ ಎನ್ನಿ. ಪೇಟೆಯವರಿಗೊಂದು, ಘಟ್ಟದವರಿಗೊಂದು, ಸಂಸ್ಥೆಗಳಿಗೊಂದು ಪಟ್ಟಿ ಬೇರೆ ಬೇರೆ ಮಾಡಿ. ವರ್ಷಕ್ಕೆ ನಾಲ್ಕು ಸಂದೇಶ ಸಾಕು. ಹಬ್ಬದ ಶುಭಾಶಯದ ಚಿತ್ರ ಕಳಿಸುವವರ ನಂಬರನ್ನು ನಾನೇ ಮ್ಯೂಟ್ ಮಾಡಿಟ್ಟಿದ್ದೇನೆ.

ಮಳೆಗಾಲದಲ್ಲಿ ಘಟ್ಟ ಹತ್ತಿ

ತೀರ್ಥಹಳ್ಳಿ, ಸಾಗರ, ಹೊಸನಗರದ ಹೋಂಸ್ಟೇಗಳಿಗೆ ಅತಿಥಿಗಳು ಬರುವುದೇ ಮಳೆ ನೋಡುವುದಕ್ಕೆ. ಜೋಗದಲ್ಲಿ ನೀರು ಧುಮುಕುವಾಗ ಕೋಣೆಗಳು ತುಂಬಿರುತ್ತವೆ. ಅದೇ ಹೊತ್ತಿಗೆ ಸೋಲಾರ್ ಹೀಟರ್ ಮೋಡದ ಕೆಳಗೆ ಕೈ ಕಟ್ಟಿ ಕೂತಿರುತ್ತದೆ. ಅಲ್ಲಿಗೆ ಹೋಗುವಾಗ ಬ್ರೋಷರ್ ಬೇಡ, ಒಂದು ಬಿಳಿ ಹಾಳೆ, ಒಂದು ಪೆನ್ನು ಸಾಕು. ಯಜಮಾನರ ಜಗಲಿಯಲ್ಲಿ ಕೂತು ಅವರೆದುರೇ ಲೆಕ್ಕ ಬರೆಯಿರಿ.

ಆರು ಕೋಣೆಗೆ ಬೆಳಗಿನ ಸ್ನಾನಕ್ಕೆ 300 ಲೀಟರ್ ನೀರು ಎನ್ನೋಣ. 20 ಡಿಗ್ರಿಯ ನೀರನ್ನು 50 ಡಿಗ್ರಿಗೆ ಏರಿಸಲು ಸುಮಾರು 10.5 ಯೂನಿಟ್ ಶಾಖ ಬೇಕು. ಸಾಮಾನ್ಯ ಕಾಯಿಲ್ ಗೀಸರ್ ಅಷ್ಟೂ ಯೂನಿಟ್ಟನ್ನು ಮೀಟರಿನಿಂದಲೇ ಎಳೆಯುತ್ತದೆ. ಹೀಟ್ ಪಂಪ್ ಏಸಿಯನ್ನು ತಿರುಗಿಸಿ ಇಟ್ಟ ಹಾಗೆ, ಹೊರಗಿನ ಗಾಳಿಯ ಶಾಖವನ್ನೇ ಹೀರಿ ನೀರಿಗೆ ಕೊಡುತ್ತದೆ. ಇದೇ ಕೆಲಸಕ್ಕೆ ಮೂರೂವರೆ, ನಾಲ್ಕು ಯೂನಿಟ್ ಸಾಕು. ದಿನಕ್ಕೆ ಆರೇಳು ಯೂನಿಟ್ ಉಳಿತಾಯವನ್ನು ಅವರದೇ ಮೆಸ್ಕಾಂ ಬಿಲ್ಲಿನ ದರದಿಂದ ಗುಣಿಸಿ. ಎಷ್ಟು ತಿಂಗಳಿಗೆ ಯಂತ್ರದ ದುಡ್ಡು ಹಿಂದಿರುಗುತ್ತದೆ ಎಂಬುದನ್ನು ಯಜಮಾನರೇ ಹೇಳುವಂತೆ ಪೆನ್ನನ್ನು ಅವರ ಕೈಗೆ ಕೊಡಿ. ಅಡಿಕೆ ಲೆಕ್ಕ ಮಾಡಿ ಪಳಗಿದ ಕೈಗಳವು, ನಿಮಗಿಂತ ಬೇಗ ಗುಣಿಸುತ್ತವೆ. ಅನಾನುಕೂಲವನ್ನೂ ಹೇಳಿಬಿಡಿ: ಚಳಿ ಹೆಚ್ಚಿದಂತೆ ಹೀಟ್ ಪಂಪಿನ ಉಳಿತಾಯ ತಗ್ಗುತ್ತದೆ, ನೀರು ಕಾಯಲು ಹೊತ್ತು ಬೇಕು, ಗಾಳಿಯಾಡದ ಕೊಟ್ಟಿಗೆಯಲ್ಲಿ ಇಟ್ಟರೆ ಕೆಲಸ ಮಾಡದು.

ಮನೆಮಂದಿಯ ಬಚ್ಚಲೊಲೆಯ ತಂಟೆಗೆ ಹೋಗಬೇಡಿ. ಅಡಿಕೆ ಹಾಳೆ, ತೆಂಗಿನ ಸೋಗೆ ಉರಿಸಿ ಹಂಡೆಯಲ್ಲಿ ಕಾಯಿಸಿದ ನೀರಿಗೆ ಖರ್ಚೂ ಇಲ್ಲ, ಸಾಟಿಯೂ ಇಲ್ಲ. ‘ಹಂಡೆ ನಿಮಗಿರಲಿ, ಹೀಟ್ ಪಂಪ್ ಅತಿಥಿಗಳಿಗೆ’ ಎಂದರೆ ನೀವು ಮನೆಯ ಕಡೆಯವರಾಗುತ್ತೀರಿ.

ಮುಗ್ಗಲು ಕೋಣೆಗೆ ಡಿಹ್ಯುಮಿಡಿಫೈಯರ್. ಹೊರಗೆ 20 ಡಿಗ್ರಿ ಇರುವಾಗ ಏಸಿಯ ಡ್ರೈ ಮೋಡ್ ಕೋಣೆಯನ್ನು ಇನ್ನಷ್ಟು ತಣ್ಣಗೆ ಮಾಡುತ್ತದೆ. ಡಿಹ್ಯುಮಿಡಿಫೈಯರ್ ಗಾಳಿಯ ನೀರನ್ನು ಹಿಂಡಿ ತೊಟ್ಟಿಗೆ ಇಳಿಸಿ, ಸ್ವಲ್ಪ ಬೆಚ್ಚಗಿನ ಗಾಳಿಯನ್ನೇ ವಾಪಸು ಬಿಡುತ್ತದೆ. ಒಂದು ಯಂತ್ರವನ್ನು ನಿಮ್ಮ ಜೀಪಿನಲ್ಲೇ ಒಯ್ದು, ಸೀಲಿಂಗ್ ಇರುವ ಒಂದು ಕೋಣೆಯಲ್ಲಿ ರಾತ್ರಿ ಬಿಟ್ಟು ಬನ್ನಿ. ಬೆಳಿಗ್ಗೆ ತೊಟ್ಟಿಯಲ್ಲಿ ತುಂಬಿದ ನೀರನ್ನು ಯಜಮಾನರೇ ಅಂಗಳಕ್ಕೆ ಚೆಲ್ಲಲಿ. ಬರಿ ಹೆಂಚಿನ ಕೋಣೆಯಾದರೆ ‘ಇಲ್ಲಿ ಪ್ರಯೋಜನವಿಲ್ಲ’ ಎಂದು ನೀವೇ ಮೊದಲು ಹೇಳಿ.

ದುಡ್ಡಿನ ಮಾತಿಗೂ ಒಂದು ಕಾಲವಿದೆ. ಅಡಿಕೆಗೊನೆ ಕೊಯ್ಲಿನ ಹೊತ್ತಿನಲ್ಲಿ ಹೋದರೆ ಮಾತನಾಡಲು ಯಾರಿಗೂ ಪುರುಸೊತ್ತಿಲ್ಲ, ಅಂಗಳದ ತುಂಬ ಅಡಿಕೆ, ಕೈಯೆಲ್ಲ ಚೊಗರು. ಸರಕು ಮಂಡಿಗೆ ಹೋದ ಮೇಲೆ ಹೋಗಿ. ಮಳೆಗಾಲದಲ್ಲಿ ತೋರಿಸಿ, ಅಡಿಕೆ ಮಾರಿದ ಮೇಲೆ ಕೂರಿಸಿ. ಇನ್ನು ದೂರದ ಲೆಕ್ಕ: ಒಂದೇ ಸರ್ವೀಸಿಗೆಂದು ಆಗುಂಬೆಗೆ ಓಡಿದರೆ ಡೀಸೆಲ್ ಖರ್ಚೂ ಹುಟ್ಟದು. ವಾರಕ್ಕೊಂದು ದಿನ ತೀರ್ಥಹಳ್ಳಿ ದಾರಿ, ಇನ್ನೊಂದು ದಿನ ಸಾಗರದ ದಾರಿ ಎಂದು ಗೊತ್ತು ಮಾಡಿ ಎಲ್ಲರಿಗೂ ತಿಳಿಸಿ. ಜನ ಕಾಯುತ್ತಾರೆ, ಬರುವ ದಿನ ಗೊತ್ತಿದ್ದರೆ.

ಗಿಲಾವು ಆಗುವ ಮುಂಚೆ ಮನೆ ಸೇರಿ

ಕೆಲಸ ಕಳಿಸಿಕೊಡುವವರು ಎಲೆಕ್ಟ್ರಿಷಿಯನ್, ಪ್ಲಂಬರ್, ಸಿವಿಲ್ ಎಂಜಿನಿಯರ್, ಸೀಲಿಂಗ್ ಮಾಡುವ ಬಡಗಿ. ಅವರಿಗೆ ಕಮಿಷನ್ ಕೊಟ್ಟರೆ ಆ ದುಡ್ಡು ಕೊನೆಗೆ ಗಿರಾಕಿಯ ಬಿಲ್ಲಿನಿಂದಲೇ ಹೊರಡಬೇಕು. ಅದರ ಬದಲು ಕೆಲಸಕ್ಕೆ ಬರುವ ಸಹಾಯ ಕೊಡಿ. ಹೊಸ ಮನೆಯ ಗೋಡೆ ಎದ್ದು ಗಿಲಾವು ಆಗುವ ಮೊದಲು ಉಚಿತವಾಗಿ ಹೋಗಿ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿ: ತಾಮ್ರದ ಪೈಪ್ ಇಲ್ಲಿ, ನೀರು ಇಳಿಯುವ ಪೈಪಿಗೆ ಇಷ್ಟು ಇಳಿಜಾರು, ಹೊರಗಿನ ಯೂನಿಟ್ ಕೈಗೆಟಕುವ ಈ ಸಜ್ಜಾದ ಮೇಲೆ, ಏಸಿಗೆ ಬೇರೆಯೇ ಲೈನ್, ಅರ್ತಿಂಗ್ ಗುಂಡಿ ಅಲ್ಲಿ. ಅರ್ಧ ಗಂಟೆಯ ಕೆಲಸ. ಅವರು ಏಸಿ ಕೊಳ್ಳುವುದು ಎರಡು ವರ್ಷದ ನಂತರವೇ ಇರಬಹುದು, ಆದರೆ ಗೋಡೆಯೊಳಗಿನ ಪೈಪ್ ಎಲ್ಲಿದೆ ಎಂದು ಗೊತ್ತಿರುವವರು ನೀವೊಬ್ಬರೇ.

ಸಂಸ್ಥೆಗಳು, ಬೋರ್ಡು, ರೇಡಿಯೊ

ಕ್ಲಿನಿಕ್, ಲ್ಯಾಬ್, ಬ್ಯಾಂಕ್ ಶಾಖೆ, ಕಲ್ಯಾಣ ಮಂಟಪಗಳ ವಾರ್ಷಿಕ ನಿರ್ವಹಣಾ ಒಪ್ಪಂದ ಮಳೆಗಾಲದ ಸಂಬಳ ಕೊಡುತ್ತದೆ. ಮಂಟಪದವರನ್ನು ಆಷಾಢದಲ್ಲಿ ಕಾಣಿ, ಮದುವೆಗಳಿಲ್ಲ, ಮ್ಯಾನೇಜರ್ ಕುರ್ಚಿಯಲ್ಲಿ ಸಿಗುತ್ತಾರೆ. ಒಪ್ಪಂದದಲ್ಲಿ ವರ್ಷಕ್ಕೆ ಎಷ್ಟು ಭೇಟಿ, ಬಿಡಿಭಾಗ ಸೇರಿದೆಯೇ, ಕರೆದ ಎಷ್ಟು ಗಂಟೆಯೊಳಗೆ ಬರುತ್ತೀರಿ ಎಂಬುದು ಸ್ಪಷ್ಟವಿರಲಿ. ಸಣ್ಣ ಉದ್ಯಮಗಳಿಗೆಂದೇ ಇರುವ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಮಾಡಿಸಿ. ನೋಂದಾಯಿತ ಸಣ್ಣ ಉದ್ಯಮಕ್ಕೆ 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಅದನ್ನು ಬಿಲ್ಲಿನ ಕೆಳಗೆ ಒಂದು ಸಾಲು ಅಚ್ಚು ಹಾಕಿಸಿದ ಮೇಲೆ ನನ್ನ ಓಡಾಟ ಸ್ವಲ್ಪ ಕಡಿಮೆಯಾಗಿದೆ, ನಿಂತಿಲ್ಲ.

ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯ, ಅದು ಹೇಗೂ ನಿಮಗೇ ಲಾಭ. ಫ್ಲೆಕ್ಸ್ ಬೇಡ, ರಾಜ್ಯದಲ್ಲಿ ನಿಷೇಧವಿದೆ. ಗೋಡೆ ಬರಹ, ಆಟೊ ಹಿಂಬದಿ, ಆಕಾಶವಾಣಿ ಭದ್ರಾವತಿ, ದಸರಾ ಮತ್ತು ಮಾರಿಕಾಂಬಾ ಜಾತ್ರೆಯ ಮಳಿಗೆ, ಇವುಗಳಲ್ಲಿ ಒಂದು ವರ್ಷಕ್ಕೆ ಒಂದನ್ನು ಮಾತ್ರ ಪರೀಕ್ಷಿಸಿ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಗೀಟು ಬಿತ್ತೆಂದು ತಿಳಿಯದು.

ಏಪ್ರಿಲ್ ಬಂದಾಗ

ಏಪ್ರಿಲ್ 1ರಂದು ದುಡ್ಡು ಕೊಟ್ಟ ಜಾಹೀರಾತೆಲ್ಲ ನಿಲ್ಲಿಸಿ. ದಿನಕ್ಕೆ ಎಷ್ಟು ಮನೆ ಮುಗಿಸಬಲ್ಲಿರೋ ಅದಕ್ಕಿಂತ ಒಂದು ಕಡಿಮೆ ಒಪ್ಪಿಕೊಳ್ಳಿ, ಆ ಒಂದು ಜಾಗ ಕೈಗೂಸು ಅಥವಾ ಕಾಯಿಲೆಯವರು ಇರುವ ಹಳೆಯ ಗಿರಾಕಿಯ ಮನೆಗೆ. ಹೊಸಬರು ಕರೆದರೆ ‘ನಾಳೆ ಬರುತ್ತೇವೆ’ ಎನ್ನುವ ಚಪಲ ಬೇಡ. ‘ಬರುವ ಗುರುವಾರ ಮಧ್ಯಾಹ್ನ ಮೂರರ ನಂತರ’ ಎನ್ನಿ, ಕೆಲವರು ಸಿಟ್ಟಾಗಿ ಫೋನ್ ಇಡುತ್ತಾರೆ, ಇಡಲಿ. ಬುಧವಾರ ಸಂಜೆ ಒಂದು ಸಂದೇಶ ಹಾಕಿ. ಗುರುವಾರ ಮೂರಕ್ಕೆ ಬಿಳಿ ಬಕೆಟ್ ಹಿಡಿದು ಬಾಗಿಲು ತಟ್ಟಿ.